ಕೈತೋಟದ ಪುಸ್ತಕ ಕೊಳ್ಳುವ ಮುನ್ನ ಟೊಮೆಟೊ ಪುಟ ತೆರೆಯಿರಿ

ಅಂಗಡಿಯಲ್ಲಿ ತೋಟಗಾರಿಕೆಯ ಪುಸ್ತಕ ಕೈಗೆತ್ತಿಕೊಂಡರೆ ನಾನು ಮುನ್ನುಡಿ ಓದುವುದಿಲ್ಲ. ನೇರವಾಗಿ ಟೊಮೆಟೊ ಪುಟಕ್ಕೆ ಹೋಗುತ್ತೇನೆ. ನಾವೇ ಬೆಳೆದು ಗೊತ್ತಿರುವ ಗಿಡದ ಬಗ್ಗೆ ಓದಿದರೆ, ಬರೆದವರು ಮಣ್ಣು ಮುಟ್ಟಿದವರೋ ಇಲ್ಲವೋ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಸಸಿ ಮಡಿಯಲ್ಲಿ 25ರಿಂದ 30 ದಿನ ಇರಬೇಕು. ನೆಲದಲ್ಲಾದರೆ ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 45 ಸೆಂ.ಮೀ. ಬಿಡಬೇಕು, ಕುಂಡದಲ್ಲಾದರೆ ಒಂದು ಗಿಡಕ್ಕೆ 15 ಲೀಟರಿಗೆ ಕಡಿಮೆ ಮಣ್ಣು ಸಾಲದು. ಇಂಥ ಅಂಕಿಗಳು ಅಲ್ಲಿರಬೇಕು. ಅದರ ಬದಲು ‘ಸಾಕಷ್ಟು ಬಿಸಿಲು, ನಿಯಮಿತ ನೀರು’ ಎಂದಷ್ಟೇ ಇದ್ದರೆ ಅದೇ ಮಾತನ್ನು ಗುಲಾಬಿಗೂ ಬರೆದಿರುತ್ತಾರೆ, ಗೋರಂಟಿಗೂ ಬರೆದಿರುತ್ತಾರೆ.

ಆಮೇಲೆ ಅದೇ ಪುಟದಲ್ಲಿ ಕಾಯಿಯ ತಳ ಕಪ್ಪಾಗಿ ಗುಳಿ ಬೀಳುವ ತೊಂದರೆಯನ್ನು ಹುಡುಕುತ್ತೇನೆ. ಅದು ರೋಗಾಣುವಿನಿಂದ ಬರುವುದಲ್ಲ. ಒಂದು ದಿನ ಧಾರಾಳ ನೀರು, ಎರಡು ದಿನ ಬರ ಎಂಬಂತಾದರೆ ಕ್ಯಾಲ್ಸಿಯಂ ಕಾಯಿಯ ತುದಿಗೆ ತಲುಪುವುದಿಲ್ಲ, ತಳ ಸಾಯುತ್ತದೆ. ಇದಕ್ಕೆ ಶಿಲೀಂಧ್ರನಾಶಕ ಹೊಡೆಯಿರಿ ಎನ್ನುವ ಪುಸ್ತಕವನ್ನು ಅಲ್ಲೇ ಕಪಾಟಿಗೆ ಹಿಂದಿರುಗಿಸಬಹುದು. ಟೊಮೆಟೊ ಬೆಳೆಯದವರು ಕರಿಬೇವಿನ ಪುಟ ನೋಡಲಿ: ಚಿಗುರನ್ನು ಬೋಳಿಸುವ ಚಿಟ್ಟೆಯ ಮರಿಹುಳು ಎಳೆಯದಾಗಿದ್ದಾಗ ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ ಎಂಬ ಮಾತು ಅಲ್ಲಿದೆಯೇ? ದುಂಡುಮಲ್ಲಿಗೆ ಇಟ್ಟವರು ನೋಡಬೇಕಾದದ್ದು ಸವರುವ ತಿಂಗಳು ಮತ್ತು ಎತ್ತರ. ನವೆಂಬರ್ ಕೊನೆ ಇಲ್ಲವೇ ಡಿಸೆಂಬರಿನಲ್ಲಿ ನೆಲದಿಂದ ಸುಮಾರು 45 ಸೆಂ.ಮೀ. ಬಿಟ್ಟು ಕತ್ತರಿಸುವುದನ್ನು ಹೇಳದೆ ಬರೀ ಗೊಬ್ಬರದ ಮಾತಾಡಿದರೆ ಆ ಪುಸ್ತಕ ನಂಬಿದವರಿಗೆ ಸೊಪ್ಪು ಸಿಗುತ್ತದೆ, ಮೊಗ್ಗು ಸಿಗುವುದಿಲ್ಲ.

ಇನ್ನೊಂದು ಸಣ್ಣ ಪರೀಕ್ಷೆ ಕುಂಡ ತುಂಬುವ ಅಧ್ಯಾಯದಲ್ಲಿದೆ. ತಳದಲ್ಲಿ ಎರಡು ಇಂಚು ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ಎಷ್ಟೋ ಪುಸ್ತಕಗಳು ಒಂದರಿಂದೊಂದು ನಕಲು ಮಾಡುತ್ತಾ ಬಂದಿವೆ. ಆಗುವುದು ತದ್ವಿರುದ್ಧ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದಿನ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ; ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ಜಲ್ಲಿಯ ಮೇಲೆಯೇ ನಿಲ್ಲುತ್ತದೆ. ಹಾಗಾಗಿ ಕೆಸರಿನ ಪದರ ಬೇರಿಗೆ ಎರಡು ಇಂಚು ಹತ್ತಿರವಾಗುತ್ತದೆ, ಅಷ್ಟು ಮಣ್ಣೂ ನಷ್ಟ. ತೂತಿನ ಮೇಲೆ ಒಂದು ಮಡಕೆ ಚೂರು ಅಥವಾ ಜಾಲರಿ ತುಂಡು ಇಟ್ಟರೆ ಸಾಕು ಎಂದು ಕಾರಣ ಸಮೇತ ಬರೆದಿದ್ದರೆ, ಆ ಲೇಖಕರ ಉಳಿದ ಮಾತನ್ನೂ ಗಂಭೀರವಾಗಿ ಓದುತ್ತೇನೆ.

ಹೊರದೇಶದ ಪುಸ್ತಕಗಳಲ್ಲಿ ನಮ್ಮವರು ಮುಗ್ಗರಿಸುವುದು ಭಾಷೆಯಿಂದಲ್ಲ, ಸೂರ್ಯನಿಂದ. ಬ್ರಿಟನ್ನಿನ ಪುಸ್ತಕದಲ್ಲಿ ದಕ್ಷಿಣದ ಗೋಡೆ ಎಂದರೆ ಬಿಸಿಲು, ಉತ್ತರದ ಗೋಡೆ ಎಂದರೆ ತಂಪು ನೆರಳು. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋದರೆ ಮರಳುವುದು ಆಗಸ್ಟ್ 18ರ ಹೊತ್ತಿಗೆ. ಆ ನಾಲ್ಕು ತಿಂಗಳು ನಡುಮಧ್ಯಾಹ್ನದ ಬಿಸಿಲು ಬೀಳುವುದು ಉತ್ತರದ ಗೋಡೆಯ ಕಡೆಗೇ. ಮಳೆಗಾಲದ ಮೋಡ ಇದ್ದಾಗ ಗೊತ್ತಾಗದು. ಮೇ ತಿಂಗಳಲ್ಲಿ ಪುಸ್ತಕ ನಂಬಿ ಅಲ್ಲಿಟ್ಟ ಜರೀಗಿಡದ ಎಲೆ ಸುಟ್ಟು ಹಪ್ಪಳವಾಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಸುಮಾರು 36 ಡಿಗ್ರಿ ವಾಲಿರುವುದರಿಂದ ಅದೇ ಜಾಗ ದಿನವಿಡೀ ನೆರಳು.

ಹಗಲಿನ ಉದ್ದವೂ ಅಷ್ಟೇ ಮುಖ್ಯ. ಬೆಂಗಳೂರಿನ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಯೂರೋಪಿನ ಎಷ್ಟೋ ಈರುಳ್ಳಿ ತಳಿಗಳು ಗೆಡ್ಡೆ ಕಟ್ಟಲು 14 ಗಂಟೆ ಇಲ್ಲವೇ ಅದಕ್ಕೂ ಹೆಚ್ಚಿನ ಹಗಲು ಬೇಡುತ್ತವೆ. ಇಲ್ಲಿ ಎಷ್ಟು ಗೊಬ್ಬರ ಕೊಟ್ಟರೂ ಸೊಪ್ಪಾಗಿಯೇ ಉಳಿಯುತ್ತವೆ. ನಮ್ಮ ಗುಲಾಬಿ ಈರುಳ್ಳಿಗೆ ಕಿರುಹಗಲೇ ಸಾಕು. ಟ್ಯೂಲಿಪ್, ಪಿಯೋನಿಗಳಿಗೆ ವಾರಗಟ್ಟಲೆ ಕೊರೆಯುವ ಚಳಿ ಬೇಕು. ಅಮೆರಿಕದ ಪುಸ್ತಕಗಳಲ್ಲಿ ಗಿಡದ ಹೆಸರಿನ ಪಕ್ಕ ಬರುವ ವಲಯ ಸಂಖ್ಯೆ ಚಳಿಗಾಲದ ಕನಿಷ್ಠ ಉಷ್ಣತೆಯನ್ನಷ್ಟೇ ಹೇಳುತ್ತದೆ. ಮಳೆಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಆ ಸಂಖ್ಯೆ ನೋಡಿ ಮಂಗಳೂರಿನ ಜಡಿಮಳೆಗೂ ಕಲಬುರಗಿಯ ಒಣಬಿಸಿಲಿಗೂ ಒಂದೇ ಗಿಡ ತರುವುದರಲ್ಲಿ ಅರ್ಥವಿಲ್ಲ.

ಮಣ್ಣಿನ ಮಿಶ್ರಣದ ಪಾಕವನ್ನೂ ಹಾಗೆಯೇ ಇಳಿಸಿಕೊಳ್ಳಬಾರದು. ಅಲ್ಲಿಯ ಪೀಟ್ (ಜೌಗುನೆಲದಲ್ಲಿ ಕೊಳೆತ ಪಾಚಿಯ ಪುಡಿ) ತುಂಬಾ ಹುಳಿ, ಅದಕ್ಕೇ ಸುಣ್ಣ ಬೆರೆಸುತ್ತಾರೆ. ನಾವು ಬಳಸುವ ತೆಂಗಿನ ನಾರಿನ ಪುಡಿಯ ರಸಸಾರ (ಪಿಎಚ್) ಸಾಮಾನ್ಯವಾಗಿ 5.5ರಿಂದ 6.5ರ ಒಳಗೇ ಇರುತ್ತದೆ. ಅದಕ್ಕೆ ಸುಣ್ಣ ಸೇರಿಸಿ, ಮೇಲಿಂದ ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಕಬ್ಬಿಣ ಬೇರಿಗೆ ಸಿಗದೆ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ನಾರಿನ ಪುಡಿಗೆ ಬೇಕಾದದ್ದು ಸುಣ್ಣವಲ್ಲ, ಉಪ್ಪು ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆಯುವುದು.

ಇನ್ನು ನಮ್ಮ ಕನ್ನಡದ ಪುಸ್ತಕಗಳು. ಕೃಷಿ ವಿಶ್ವವಿದ್ಯಾಲಯಗಳ ಪ್ರಕಟಣೆಗಳು, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೈಪಿಡಿಗಳು ನೋಡಲು ಬಡವಾಗಿದ್ದರೂ ವಿಷಯದಲ್ಲಿ ಗಟ್ಟಿ. ತಳಿಯ ಹೆಸರು ಅಲ್ಲಿ ಸಿಗುತ್ತದೆ. ‘ಅರ್ಕಾ ರಕ್ಷಕ್’ ಟೊಮೆಟೊ ಎಲೆ ಮುದುಡು, ದುಂಡಾಣು ಸೊರಗು, ಎಲೆಚುಕ್ಕೆಯ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ ಎಂಬ ಒಂದು ಸಾಲು, ಹತ್ತು ಪುಟ ಔಷಧಿಯ ವಿವರಕ್ಕಿಂತ ಹೆಚ್ಚು ಉಪಯೋಗದ್ದು. ತೊಡಕು ಲೆಕ್ಕದಲ್ಲಿದೆ, ಎಲ್ಲವೂ ಹೆಕ್ಟೇರಿಗೆ, ಎಕರೆಗೆ. ಮನೆ ತೋಟಕ್ಕೆ ಇಳಿಸಲು ನಾನು ಪುಸ್ತಕದ ಒಳರಕ್ಷೆಯ ಮೇಲೆಯೇ ಬರೆದಿಟ್ಟುಕೊಳ್ಳುತ್ತೇನೆ: ಹೆಕ್ಟೇರಿಗೆ ಇಷ್ಟು ಕಿಲೊ ಎಂದರೆ ಅದನ್ನು 10ರಿಂದ ಭಾಗಿಸಿದರೆ ಚದರ ಮೀಟರಿಗೆ ಗ್ರಾಂ, ಎಕರೆಗೆ ಎಂದರೆ 4ರಿಂದ ಭಾಗಿಸು. ಕುಂಡಕ್ಕೆ ಮಾತ್ರ ಬಾಯಿಯ ಅಳತೆ ಹಿಡಿಯಬಾರದು, ಗಿಡದ ಲೆಕ್ಕ ಹಿಡಿಯಬೇಕು. 60×45 ಸೆಂ.ಮೀ. ಅಂತರದಲ್ಲಿ ಹೆಕ್ಟೇರಿಗೆ ಸುಮಾರು 37,000 ಗಿಡ. 25 ಟನ್ ಕೊಟ್ಟಿಗೆ ಗೊಬ್ಬರ ಎಂದರೆ ಗಿಡಕ್ಕೆ ಮುಕ್ಕಾಲು ಕಿಲೊಗೆ ಸ್ವಲ್ಪ ಕಡಿಮೆ. 115 ಕಿಲೊ ಸಾರಜನಕ ಎಂದಿದ್ದರೆ ಗಿಡಕ್ಕೆ 3 ಗ್ರಾಂ, ಅಂದರೆ 7 ಗ್ರಾಂ ಯೂರಿಯಾ. ಸಪಾಟಾಗಿ ತುಂಬಿದ ಒಂದು ಟೀ ಚಮಚದಲ್ಲಿ ಸುಮಾರು 4 ಗ್ರಾಂ ಹಿಡಿಯುವುದರಿಂದ ಅದು ಎರಡು ಚಮಚಕ್ಕೂ ಕಡಿಮೆ, ಅದೂ ಎರಡು ಮೂರು ಕಂತಿನಲ್ಲಿ. ‘ಒಂದು ಹಿಡಿ ಯೂರಿಯಾ’ ಎಂದು ಬರೆದ ಪುಸ್ತಕ ಕುಂಡದ ಗಿಡವನ್ನು ಸುಡುವುದು ಏಕೆಂದು ಇಲ್ಲೇ ಕಾಣುತ್ತದೆ.

ಹಳೆಯ ಪುಸ್ತಕವಾದರೆ ಕೀಟನಾಶಕದ ಪುಟ ತೆರೆದು ವಯಸ್ಸು ಅಳೆಯುತ್ತೇನೆ. ಡಿಡಿಟಿ, ಬಿಎಚ್‌ಸಿ ಇದ್ದರೆ ಬಹಳ ಹಳತು. ಎಂಡೋಸಲ್ಫಾನ್ ಇದ್ದರೆ 2011ಕ್ಕೆ ಹಿಂದಿನದು. ಆ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಆ ಪುಟಗಳಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಉಳಿದದ್ದನ್ನು ಇಟ್ಟುಕೊಳ್ಳಬಹುದು. ಕಸಿ, ಗೂಟಿ (ಗಿಡದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸುವುದು), ಸವರುವಿಕೆ ಹಳತಾಗುವ ವಿದ್ಯೆಯಲ್ಲ. ಹೊಸ ಪುಸ್ತಕದಲ್ಲಿ ‘ಬೇವಿನ ಔಷಧಿ ಲೀಟರಿಗೆ 5 ಮಿ.ಲೀ.’ ಎಂದಿದ್ದರೆ ಪಕ್ಕದಲ್ಲಿ ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಬೇವಿನ ಸತ್ವ ಎಷ್ಟು ಭಾಗ ಎಂಬ ಅಳತೆ, ಇದೆಯೇ ನೋಡಿ. ಅಂಗಡಿಯಲ್ಲಿ 300, 1,500, 10,000 ಪಿಪಿಎಂ ಮೂರೂ ಸಿಗುತ್ತವೆ. ಮೊದಲನೆಯದಕ್ಕೆ ಹೇಳಿದ ಅಳತೆಯನ್ನು ಕೊನೆಯದಕ್ಕೆ ಹಾಕಿದರೆ ಎಳೆ ಎಲೆಗಳು ಅಂಚಿನಿಂದ ಕರಟುತ್ತವೆ.

ಬಣ್ಣದ ಚಿತ್ರ ಇದ್ದ ಮಾತ್ರಕ್ಕೆ ಕೆಲಸ ಕಲಿಸುವ ಪುಸ್ತಕ ಒಳ್ಳೆಯದಾಗುವುದಿಲ್ಲ. ಗೂಟಿ ಕಟ್ಟುವುದನ್ನೇ ನೋಡಿ. ಫೋಟೊದಲ್ಲಿ ಕಾಣುವುದು ಕೊಂಬೆಗೆ ಸುತ್ತಿದ ಪ್ಲಾಸ್ಟಿಕ್ ಗಂಟು ಮಾತ್ರ. ಒಳ್ಳೆಯ ರೇಖಾಚಿತ್ರದಲ್ಲಿ ಎರಡೂವರೆ ಸೆಂಟಿಮೀಟರ್ ಅಗಲದ ತೊಗಟೆಯ ಬಳೆ ತೆಗೆದ ಜಾಗ, ಅದರ ಕೆಳಗಿನ ಲೋಳೆಯ ತೆಳುಪದರವನ್ನು ಚಾಕುವಿನ ಬೆನ್ನಿನಿಂದ ಕೆರೆಯುವ ದಿಕ್ಕು, ಬೇರು ಬರುವ ಮೇಲಂಚು ಬೇರೆ ಬೇರೆಯಾಗಿ ಕಾಣುತ್ತವೆ. ಕೆರೆಯದೆ ಬಿಟ್ಟರೆ ಗಾಯ ಕೂಡಿಕೊಂಡು ಬೇರು ಬರುವುದೇ ಇಲ್ಲ. ಆ ಸಂಗತಿ ಫೋಟೊದಲ್ಲಿ ಸಿಗದು. ಕೀಟಕ್ಕೆ ಮಾತ್ರ ಫೋಟೊನೇ ಬೇಕು. ಎಲೆಯ ಬೆನ್ನಿನ ಕಡೆಯದು, ಪಕ್ಕದಲ್ಲಿ ಅಳತೆ ಇರುವಂಥದ್ದು. ಇಲ್ಲದಿದ್ದರೆ ಜೇಡರ ನುಸಿಯೂ ಸಸ್ಯಹೇನೂ ಪುಟದಲ್ಲಿ ಒಂದೇ ಗಾತ್ರ.

ಕಣ್ಣಿಗೆ ಹಬ್ಬವಾಗುವ ದೊಡ್ಡ ಪುಸ್ತಕಗಳನ್ನೂ ಕೊಳ್ಳುತ್ತೇನೆ, ಆದರೆ ಅವುಗಳಿಂದ ಗಿಡದ ಪಟ್ಟಿ ತೆಗೆಯುವುದಿಲ್ಲ, ರಚನೆ ತೆಗೆಯುತ್ತೇನೆ. ಮೆಚ್ಚಿದ ಪುಟವನ್ನು ಮೊಬೈಲಿನಲ್ಲಿ ತೆಗೆದು ಕಪ್ಪುಬಿಳುಪು ಮಾಡಿ ನೋಡಬೇಕು. ಬಣ್ಣ ಹೋದ ಮೇಲೂ ಎಲೆಗಳ ಆಕಾರ, ಬೆಳಕು ನೆರಳು ಚೆನ್ನಾಗಿ ಕಂಡರೆ ಆ ತೋಟ ಹೂವಿಲ್ಲದ ತಿಂಗಳಲ್ಲೂ ನಿಲ್ಲುತ್ತದೆ. ಆಮೇಲೆ ಬಾಗಿಲು, ಇಟ್ಟಿಗೆ ಸಾಲು, ಕುರ್ಚಿ ಯಾವುದಾದರೂ ಸಿಕ್ಕರೆ ಅದರಿಂದ ಗಿಡದ ಎತ್ತರ ಅಂದಾಜಿಸಿ, ಅದೇ ಎತ್ತರದ, ಅದೇ ಆಕಾರದ ನಮ್ಮ ಗಿಡ ಹುಡುಕುವುದು. ಲ್ಯಾವೆಂಡರಿನ ನೀಲಿ ಕಡ್ಡಿಸಾಲಿಗೆ ನೀಲಿ ಸಾಲ್ವಿಯಾ ಅಥವಾ ಅಂಜಲೋನಿಯಾ. ಹೋಸ್ಟಾದ ಅಗಲ ಎಲೆಗೆ ಅಗ್ಲೋನಿಮಾ. ಬಾಕ್ಸ್‌ವುಡ್ ಬೇಲಿಗೆ ಕಾಡುಕರಿಬೇವು. ಹೋಸ್ಟಾ ಬದಲು ಕಲೇಡಿಯಂ ಇಟ್ಟರೆ ಚಳಿಗಾಲದಲ್ಲಿ ಅದು ಗೆಡ್ಡೆಗೆ ಇಳಿದು ಮಡಿ ಬೋಳಾಗುತ್ತದೆ.

ಒಂದೇ ಮಡಿಯ ಜೂನ್, ಅಕ್ಟೋಬರ್, ಫೆಬ್ರವರಿ ಚಿತ್ರಗಳನ್ನು ಕೊಟ್ಟ ಪುಸ್ತಕ ಸಿಕ್ಕರೆ ಬೆಲೆ ನೋಡಬೇಡಿ. ಎಲ್ಲ ಚಿತ್ರದಲ್ಲೂ ಒಂದು ಒಣ ಎಲೆಯಿಲ್ಲ, ಒಂದು ಚೂರು ಮಣ್ಣು ಕಾಣುವುದಿಲ್ಲ ಎಂದರೆ ಅದು ಅಂದಿಗಾಗಿ ಜೋಡಿಸಿದ್ದು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಹೂರಾಶಿಯೂ ಬೇರೆಡೆ ಕುಂಡದಲ್ಲಿ ಬೆಳೆಸಿ ತಂದು ಜೋಡಿಸುವಂಥದ್ದೇ. ಅದನ್ನು ನೋಡಿ ನೆಲದಲ್ಲಿ ಅಷ್ಟು ಒತ್ತಾಗಿ ನೆಟ್ಟರೆ ಎರಡು ತಿಂಗಳಲ್ಲಿ ಬೂದಿರೋಗ. ತಾರಸಿ ತೋಟದ ಚಿತ್ರಪುಸ್ತಕವಾದರೆ ಭಾರದ ಮಾತು ಇದೆಯೇ ಹುಡುಕಿ. ನಾಲ್ಕಡಿಗೆ ಎಂಟಡಿ ಮಡಿಗೆ ಒಂದಡಿ ಮಣ್ಣು ಎಂದರೆ ಸುಮಾರು 900 ಲೀಟರ್, ನೆನೆದಾಗ ಹತ್ತಿರ ಹತ್ತಿರ ಒಂದೂವರೆ ಟನ್. ಆ ಲೆಕ್ಕ ಇಲ್ಲದ ಪುಸ್ತಕ ಸೋಫಾದ ಮುಂದಿನ ಮೇಜಿಗೆ ಸರಿ.

ಕೊನೆಗೆ ಅಕಾರಾದಿ. ಹಳೆ ಮೈಸೂರಿನ ದಂಟು ಕರಾವಳಿಯಲ್ಲಿ ಹರಿವೆ. ಒಂದೂರಿನ ಸೀಬೆ ಇನ್ನೊಂದೂರಿನ ಪೇರಳೆ. ಸಸ್ಯಶಾಸ್ತ್ರದ ಹೆಸರು ಜೊತೆಗಿಲ್ಲದಿದ್ದರೆ ನರ್ಸರಿಯಲ್ಲಿ ಬೇರೇನೋ ಕೊಟ್ಟು ಕಳಿಸುತ್ತಾರೆ. ಆ ಹೆಸರುಗಳೂ ಬದಲಾಗುತ್ತವೆ: ಸ್ಯಾನ್ಸಿವೇರಿಯಾ ಈಗ ಡ್ರಸೀನಾದಲ್ಲಿ ಸೇರಿದೆ, ಎರಡೂ ಕಡೆ ಹುಡುಕಿ. ಹೊಲಿದ ಬೈಂಡಿಂಗ್ ಇದ್ದು ಮೇಜಿನ ಮೇಲೆ ತಾನಾಗಿ ತೆರೆದುಕೊಂಡು ಕೂರುವ ಪುಸ್ತಕವನ್ನೇ ಆರಿಸಿ. ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಕೊಂಬೆ ಇರುವಾಗ ಪುಟ ಹಿಡಿಯಲು ಮೂರನೆಯ ಕೈ ಇರುವುದಿಲ್ಲ. ನುಣುಪು ಕಾಗದ ಒದ್ದೆಯಾದರೆ ಪುಟಗಳು ಅಂಟಿಕೊಳ್ಳುತ್ತವೆ, ಅದನ್ನು ಒಳಗೇ ಇಡಿ. ಒರಟು ಕಾಗದದ್ದು ಗುದ್ದಲಿ ಪಕ್ಕ ಇರಲಿ. ಅದರ ಅಂಚಿನಲ್ಲಿ ಬಿತ್ತಿದ ದಿನ, ಮೊಳೆತ ದಿನ, ಮೊದಲ ಕೊಯ್ಲಿನ ದಿನ ಪೆನ್ಸಿಲಿನಲ್ಲಿ ಬರೆಯುತ್ತಾ ಹೋದರೆ ಮೂರನೆಯ ವರ್ಷ ಅಚ್ಚಾದ ತಿಂಗಳಿಗಿಂತ ಅಂಚಿನ ತಿಂಗಳನ್ನೇ ನೋಡುತ್ತೀರಿ.