ಬಂಗುಡೆ ತವಾ ಫ್ರೈ: ಮಸಾಲೆ ಕಾವಲಿಗೆ ಅಂಟದಂತೆ ಮಾಡುವುದು ಹೇಗೆ?

ಮನೆಯಲ್ಲಿ ತವಾ ಫ್ರೈ ಮಾಡಿದಾಗ ಮಸಾಲೆಯೆಲ್ಲ ಕಾವಲಿಗೆ ಹಿಡಿದು ಸೀದು, ತಟ್ಟೆಗೆ ಬೋಳು ಮೀನು ಬರುವುದುಂಟು. ಆಗ ಕಾವಲಿಯನ್ನು ದೂರುವವರೇ ಹೆಚ್ಚು. ಆದರೆ ಬಹುಪಾಲು ಇದು ನೀರಿನ ಕಿತಾಪತಿ. ಮೀನಿನ ಮೈಮೇಲೆ ಉಳಿದ ನೀರು, ಮಸಾಲೆ ರುಬ್ಬುವಾಗ ಸುರಿದ ನೀರು, ಉಪ್ಪು ಹಚ್ಚಿದ ಮೇಲೆ ಮೀನೇ ಬಿಡುವ ನೀರು. ಈ ಮೂರನ್ನೂ ಒಂದೊಂದಾಗಿ ತೆಗೆಯುತ್ತ ಹೋಗುವುದೇ ಈ ಅಡುಗೆಯ ಕ್ರಮ.

ಮೀನು ಆರಿಸುವಾಗ

ಮಂಗಳೂರು, ಮಲ್ಪೆ ಕಡೆಯ ಬಂಗುಡೆ ಬೆಂಗಳೂರು ತಲುಪಬೇಕಾದರೆ 350ರಿಂದ 400 ಕಿ.ಮೀ. ದಾರಿ ಐಸಿನಲ್ಲಿ ಬರಬೇಕು. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಕೊಳ್ಳಿ, ಮನೆ ಹತ್ತಿರದ ಅಂಗಡಿಯಲ್ಲಿ ಕೊಳ್ಳಿ, ಕಿವಿರು ಎತ್ತಿ ತೋರಿಸಲು ಹೇಳಿ. ಅದು ಕೆಂಪಗಿರಬೇಕು, ಕಂದು ಬಣ್ಣಕ್ಕೆ ತಿರುಗಿದ್ದರೆ ಬೇಡ. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಬಂಗುಡೆಯಲ್ಲಿ ಮೊದಲು ಕೆಡುವುದು ಹೊಟ್ಟೆ. ಹಾಗಾಗಿ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ. ಒತ್ತಿದ ಜಾಗ ತಗ್ಗಾಗಿಯೇ ಉಳಿದರೆ, ಅಥವಾ ಹೊಟ್ಟೆ ಒಡೆದಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ತರಬೇಡಿ.

ಇದು ಬರೀ ರುಚಿಯ ಮಾತಲ್ಲ. ಬಂಗುಡೆ, ಸೂರೆಯಂಥ (ಟ್ಯೂನಾ) ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಹೆಚ್ಚು. ಮೀನು ಬೆಚ್ಚಗಿನ ಜಾಗದಲ್ಲಿ ಉಳಿದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡುತ್ತವೆ. ಒಮ್ಮೆ ಹಿಸ್ಟಮಿನ್ ಆಯಿತೆಂದರೆ ಎಷ್ಟು ಕುದಿಸಿದರೂ, ಕರಿದರೂ ಹೋಗುವುದಿಲ್ಲ. ಊಟವಾದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರುವುದು, ತಲೆನೋವು, ಮೈ ತುರಿಕೆ ಬರಲು ಇದು ಕಾರಣವಾಗಬಹುದು. ಆದ್ದರಿಂದ ಮೀನು ಕೊಂಡು, ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಕಳೆದು ಮನೆ ಸೇರುವುದಾದರೆ ಅಂಗಡಿಯವರಿಂದ ಒಂದೆರಡು ಹಿಡಿ ಐಸ್ ಕೇಳಿ ಹಾಕಿಸಿಕೊಳ್ಳಿ. ಬೇರೆ ಸಾಮಾನುಗಳನ್ನೆಲ್ಲ ಮೊದಲೇ ಕೊಂಡು, ಮೀನನ್ನು ಕೊನೆಗೆ ಕೊಳ್ಳುವುದು ಇನ್ನೂ ಒಳ್ಳೆಯದು.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಪೂರ್ವ ಕರಾವಳಿಯಲ್ಲಿ ಈ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಂದರೆ ಜೂನ್ ಮೊದಲ ಎರಡು ವಾರ ಎರಡೂ ಕಡೆ ಬಂದ್. ಆ ದಿನಗಳಲ್ಲಿ ಹಳೆಯ ಐಸ್ ಮೀನಿಗಿಂತ ಕೆರೆಯ ರೋಹು, ಕಟ್ಲಾ ವಾಸಿ. ಅವನ್ನು ಒಂದೂವರೆ ಸೆಂ.ಮೀ. ದಪ್ಪದ ಹೋಳು ಮಾಡಿಸಿಕೊಂಡರೆ ಇದೇ ಮಸಾಲೆ ಹೊಂದುತ್ತದೆ.

ತೊಳೆದು ಒಣಗಿಸುವುದು

ಇಲ್ಲಿನ ಅಳತೆ 4 ಮಧ್ಯಮ ಗಾತ್ರದ ಬಂಗುಡೆಗೆ, ಅಂದರೆ ಸುಮಾರು 600 ಗ್ರಾಂಗೆ. ಅಂಗಡಿಯಲ್ಲಿ ಕ್ಲೀನ್ ಮಾಡಿಕೊಟ್ಟರೂ ಹೊಟ್ಟೆಯೊಳಗೆ ಬೆನ್ನುಮೂಳೆಯ ಉದ್ದಕ್ಕೂ ಹೆಪ್ಪುಗಟ್ಟಿದ ರಕ್ತದ ಗೆರೆ ಉಳಿದಿರುತ್ತದೆ. ಅದನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು ತೆಗೆಯಿರಿ. ಕಹಿ, ನೀಸು ವಾಸನೆ ಎರಡೂ ಬಹಳಷ್ಟು ಅಲ್ಲಿಂದಲೇ. ಕಲ್ಲುಪ್ಪು ಹಾಕಿ ಉಜ್ಜಿ ಎರಡು ಸಲ ತೊಳೆದರೆ ಸಾಕು, ನೀರಿನಲ್ಲಿ ನೆನೆಹಾಕಬೇಡಿ.

ಎರಡೂ ಬದಿಗೆ ಮೂಳೆ ತಾಗುವಷ್ಟು ಆಳಕ್ಕೆ ಮೂರು ಓರೆ ಗೀರು ಹಾಕಿ. ತಲೆಯ ಕಡೆ ಮಾಂಸ ದಪ್ಪ, ಅಲ್ಲಿ ಗೀರುಗಳು ಹತ್ತಿರ ಹತ್ತಿರ ಇರಲಿ. ಒಂದು ಚಮಚ ಉಪ್ಪು, ಕಾಲು ಚಮಚ ಅರಿಶಿನ, ಅರ್ಧ ನಿಂಬೆಹಣ್ಣಿನ ರಸ ಸವರಿ 15 ನಿಮಿಷ ಬಿಡಿ. ಮೀನಿನ ವಾಸನೆಗೆ ಮುಖ್ಯ ಕಾರಣ ಟ್ರೈಮಿಥೈಲಮೈನ್ ಎಂಬ ಕ್ಷಾರ. ಹುಳಿ ತಾಗಿದಾಗ ಅದು ಗಾಳಿಗೆ ಏಳದ ಲವಣವಾಗುತ್ತದೆ. ಉಪ್ಪಿಗೆ ಮೀನು ನೀರು ಬಿಡುತ್ತದೆ. ಆ ನೀರನ್ನು ಚೆಲ್ಲಿ, ಒಳಗೂ ಹೊರಗೂ ಗೀರುಗಳಲ್ಲೂ ಒಣ ಬಟ್ಟೆಯಿಂದ ಒತ್ತಿ ಒರೆಸಿ. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ.

ಮಸಾಲೆ

ಬ್ಯಾಡಗಿ ಮೆಣಸಿನಕಾಯಿ 12, ಗುಂಟೂರು 3, ಧನಿಯಾ 1 ದೊಡ್ಡ ಚಮಚ, ಜೀರಿಗೆ ಮತ್ತು ಕಾಳುಮೆಣಸು ತಲಾ ಅರ್ಧ ಚಮಚ, ಮೆಂತ್ಯ 8–10 ಕಾಳು, ಬೆಳ್ಳುಳ್ಳಿ 8 ಎಸಳು, ಒಂದಿಂಚು ಶುಂಠಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಮುಕ್ಕಾಲು ಚಮಚ ಉಪ್ಪು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಬ್ಯಾಡಗಿ ಇಲ್ಲವೆಂದು ಗುಂಟೂರನ್ನೇ 15 ಹಾಕಿದರೆ ತಿನ್ನಲಾಗುವುದಿಲ್ಲ.

ಮೆಣಸಿನಕಾಯಿ, ಧನಿಯಾ, ಜೀರಿಗೆ, ಕಾಳುಮೆಣಸು, ಮೆಂತ್ಯವನ್ನು ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿಯಿರಿ. ಮೆಣಸಿನಕಾಯಿ ಕಪ್ಪಾದರೆ, ಮೆಂತ್ಯ ಜಾಸ್ತಿಯಾದರೆ ಮಸಾಲೆ ಕಹಿ. ಹುರಿದ ಮೆಣಸಿನಕಾಯಿ ಮತ್ತು ಹುಣಸೆಯನ್ನು ಕಾಲು ಲೋಟ ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ. ಆಮೇಲೆ ಉಳಿದುದನ್ನೆಲ್ಲ ಸೇರಿಸಿ ಮಿಕ್ಸಿಯ ಚಿಕ್ಕ ಜಾರಿನಲ್ಲಿ ಅದೇ ನೀರು ಬಳಸಿ ನುಣ್ಣಗೆ ರುಬ್ಬಿ. ಬ್ಲೇಡು ತಿರುಗದಿದ್ದರೆ ನೀರಿನ ಬದಲು ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ. ಚಮಚದಲ್ಲಿ ತೆಗೆದು ಮಗುಚಿ ಹಿಡಿದರೂ ಬೀಳಬಾರದು, ಹದ ಅಷ್ಟು ಗಟ್ಟಿ. ತೆಳುವಾಗಿಬಿಟ್ಟರೆ ಎರಡು ಚಮಚ ಅಕ್ಕಿಹಿಟ್ಟು ಬೆರೆಸಿ ಸರಿಮಾಡಬಹುದು. ಈರುಳ್ಳಿ ಮಾತ್ರ ಬೇಡ. ಅದರ ನೀರಿಗೆ ಮಸಾಲೆ ಕಾವಲಿಗೆ ಅಂಟುತ್ತದೆ, ಸಿಹಿ ಬೇಗ ಸೀಯುತ್ತದೆ.

ಮೊದಲು ಗೀರುಗಳೊಳಗೆ ತುಂಬಿ, ನಂತರ ಮೇಲೆಲ್ಲ ತೆಳುವಾಗಿ ಸವರಿ. ಫ್ರಿಜ್‌ನಲ್ಲಿ ಮುಚ್ಚದೆ ಅರ್ಧದಿಂದ ಒಂದು ಗಂಟೆ ಇಟ್ಟರೆ ಮೇಲ್ಮೈ ಒಣಗುತ್ತದೆ. ರಾತ್ರಿಯಿಡೀ ಇಡಬೇಡಿ, ಹುಣಸೆಯ ಹುಳಿಗೆ ಮಾಂಸ ಮೆತ್ತಗಾಗಿ ಪುಡಿಯಾಗುತ್ತದೆ. ಮಿಕ್ಕ ಮಸಾಲೆಯನ್ನು ಎತ್ತಿಡುವುದಾದರೆ ಮೀನು ಮುಟ್ಟಿದ ಕೈ ಹಾಕುವ ಮೊದಲೇ ತೆಗೆದು ಫ್ರೀಜರ್‌ಗೆ ಹಾಕಿ.

ಕಾವಲಿಯ ಮೇಲೆ

ದಪ್ಪ ಕಬ್ಬಿಣದ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಹರಡಿ. ಕರಿಬೇವಿನ ಎಲೆ ಹಾಕಿದರೆ ತಕ್ಷಣ ಚಟಪಟ ಅನ್ನಬೇಕು. ಹೊಗೆ ಎದ್ದರೆ ಕಾವು ಹೆಚ್ಚಾಯಿತು, ಉರಿ ತಗ್ಗಿಸಿ. ಒಂದೆಸಳು ಕರಿಬೇವು ಹಾಸಿ ಅದರ ಮೇಲೆ ಮೀನು ಇಡಿ. ಒಂದು ಸಲಕ್ಕೆ ಎರಡೇ. ನಾಲ್ಕನ್ನೂ ತುಂಬಿದರೆ ಕಾವಲಿ ತಣಿದು ಮೀನು ತನ್ನದೇ ಆವಿಯಲ್ಲಿ ಬೆಂದು ಮಸಾಲೆ ಬಿಡುತ್ತದೆ.

ಈಗ 5ರಿಂದ 6 ನಿಮಿಷ ಕೈ ಹಚ್ಚಬೇಡಿ. ಆರಂಭದಲ್ಲಿ ಮೀನಿನ ಪ್ರೊಟೀನು ಕಬ್ಬಿಣಕ್ಕೆ ಹಿಡಿದುಕೊಳ್ಳುತ್ತದೆ. ಅಡಿ ಗರಿಯಾದ ಮೇಲೆ ತಾನಾಗಿ ಬಿಡುತ್ತದೆ. ಅಂಚಿನ ಮಸಾಲೆ ಕಡುಗೆಂಪಾಗಿ, ಕಾವಲಿ ಅಲುಗಿಸಿದಾಗ ಮೀನು ಜಾರಿದರೆ ತಿರುವುವ ಹೊತ್ತು. ಅಗಲವಾದ ಮಗುಚುವ ಕೈಯನ್ನು ಬೆನ್ನಿನ ಕಡೆಯಿಂದ ತೂರಿಸಿ, ಒಂದೇ ಸಲ ಮಗುಚಿ. ಹೊಟ್ಟೆಯ ಕಡೆಯಿಂದ ಎತ್ತಿದರೆ ಒಡೆಯುತ್ತದೆ. ಅಂಚಿಗೆ ಒಂದು ಚಮಚ ಎಣ್ಣೆ ಬಿಟ್ಟು ಇನ್ನೊಂದು ಬದಿ 4 ನಿಮಿಷ. ಮುಚ್ಚಳ ಮುಚ್ಚಬೇಡಿ. ತಲೆ ಹತ್ತಿರದ ಗೀರನ್ನು ಚಮಚದ ತುದಿಯಿಂದ ಬಿಡಿಸಿ ನೋಡಿ: ಮಾಂಸ ಬೆಳ್ಳಗಾಗಿ ಮೂಳೆಯಿಂದ ಸಲೀಸಾಗಿ ಬಿಟ್ಟರೆ ಬೆಂದಿದೆ. ಗುಲಾಬಿ ಬಣ್ಣ ಕಂಡರೆ ಸಣ್ಣ ಉರಿಯಲ್ಲಿ ಇನ್ನೆರಡು ನಿಮಿಷ ಇರಲಿ. ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿದರೆ ಉರಿ ಜೋರಾಗಿತ್ತು ಎಂದರ್ಥ. ಮುಂದಿನ ಎರಡು ಮೀನು ಇಡುವ ಮೊದಲು ಕಾವಲಿಯಲ್ಲಿ ಉಳಿದ ಪುಡಿಯನ್ನು ಒರೆಸಿ ತೆಗೆಯಲೇಬೇಕು.

ಅಂಜಲ್ ಮೀನಿನ ಹೋಳಾದರೆ ಒಂದು ಸೆಂ.ಮೀ. ದಪ್ಪಕ್ಕೆ ಪ್ರತಿ ಬದಿ 3 ನಿಮಿಷ ಸಾಕು. ಕಾಣೆ ಮೀನಿನ ಮಾಂಸ ಬಹಳ ಮೃದು, ಮಸಾಲೆಯ ಮೇಲೆ ಚಿರೋಟಿ ರವೆ ಹೊರಳಿಸಿಕೊಳ್ಳಿ.

ಫ್ಲ್ಯಾಟಿನಲ್ಲಿ ಇರುವವರಿಗೆ ಇನ್ನೊಂದು ಮಾತು. ಮನೆಯಲ್ಲಿ ವಾಸನೆ ನಿಲ್ಲುವುದು ಹುರಿದ ಮೀನಿಗಿಂತ ಹೆಚ್ಚಾಗಿ ಕಸದ ಬುಟ್ಟಿಯಿಂದ. ಕಿವಿರು, ರೆಕ್ಕೆ, ಊಟದ ಮೂಳೆಗಳನ್ನು ಪೇಪರಿನಲ್ಲಿ ಸುತ್ತಿ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ, ಬೆಳಿಗ್ಗೆ ಗಾಡಿ ಬಂದಾಗ ಹಸಿ ಕಸಕ್ಕೆ ಕೊಡಿ.