ಪ್ಯಾರಾಸಿಟಮಾಲ್ ಮಾತ್ರೆಗೆ ಸ್ಟಾರ್ಚ್ ಪೇಸ್ಟ್: ಗಂಟಿಲ್ಲದಂತೆ ಕಾಯಿಸುವುದು ಹೇಗೆ?

ಫಾರ್ಮಸಿ ಕಾಲೇಜಿನ ಲ್ಯಾಬಿನಲ್ಲಿ ಮಾತ್ರೆಯ ಮೇಲ್ಪದರ ಕಳಚಿ ಬಂತು ಅಂದರೆ ಸಾಕು, ಎಲ್ಲರೂ ಮೆಷಿನ್ನಿಗೆ ಬೈಯುತ್ತಾರೆ. ಪಂಚ್ (ಪುಡಿಯನ್ನು ಮಾತ್ರೆಯಾಗಿ ಒತ್ತುವ ಲೋಹದ ಅಚ್ಚು) ಸವೆದಿದೆ, ಒತ್ತಡ ಸಾಲುತ್ತಿಲ್ಲ ಅನ್ನುತ್ತಾರೆ. ಎಷ್ಟೋ ಸಲ ತಪ್ಪು ಆಗಿರುವುದು ಅದಕ್ಕೂ ಮೊದಲು, ಸ್ಟಾರ್ಚ್ ಪೇಸ್ಟ್ ಕಾಯಿಸುವ ಬೀಕರಿನಲ್ಲಿ.

ಪ್ಯಾರಾಸಿಟಮಾಲ್ ಹರಳುಗಳು ಹಟಮಾರಿಗಳು. ಒತ್ತಿದರೆ ಕೂರುತ್ತವೆ, ಒತ್ತಡ ಬಿಟ್ಟ ಕೂಡಲೇ ಹಿಂದಕ್ಕೆ ಚಿಮ್ಮುತ್ತವೆ. ಹಿಡಿದಿಡಲು ಅಂಟು ಬೇಕು. ಹೊಟ್ಟೆಗೆ ಹೋದ ಮೇಲೆ ಅದೇ ಮಾತ್ರೆ ಬೇಗ ಒಡೆಯಲೂಬೇಕು. ಈ ಎರಡೂ ಕೆಲಸಕ್ಕೆ ಮೆಕ್ಕೆಜೋಳದ ಸ್ಟಾರ್ಚ್ ಒಂದೇ ಸಾಕು: ಬೇಯಿಸಿದರೆ ಅಂಟು, ಹಸಿಯಾಗಿ ಹಾಕಿದರೆ ನೀರು ಹೀರಿ ಒಡೆಯುವ ಪುಡಿ.

ನೂರು ಮಾತ್ರೆಗೆ ಲೆಕ್ಕ ಹೀಗೆ. ಪ್ಯಾರಾಸಿಟಮಾಲ್ 50 ಗ್ರಾಂ. ಅದರ ಜೊತೆ ಬೆರೆಸಲು ಹಸಿ ಸ್ಟಾರ್ಚ್ 4 ಗ್ರಾಂ. ಪೇಸ್ಟಿಗೆ ಸ್ಟಾರ್ಚ್ 2.5 ಗ್ರಾಂ, ನೀರು 25 ಮಿಲಿ. ಕೊನೆಗೆ ಹಾಕಲು ಮತ್ತೆ ಹಸಿ ಸ್ಟಾರ್ಚ್ 3 ಗ್ರಾಂ, ಪುಡಿ ಮೆಷಿನ್ನಿಗೆ ಅಂಟದೆ ಜಾರಲು ಟಾಲ್ಕ್ ಮತ್ತು ಮೆಗ್ನೀಸಿಯಮ್ ಸ್ಟಿಯರೇಟ್ ತಲಾ 0.6 ಗ್ರಾಂ. ಒಂದು ಮಾತ್ರೆ ಸುಮಾರು 607 ಮಿಲಿಗ್ರಾಂ ತೂಗುತ್ತದೆ. ಇದು ಕಲಿಕೆಗೆ ಮಾತ್ರ, ಮಾಡಿದ ಮಾತ್ರೆಯನ್ನು ಯಾರೂ ನುಂಗಬಾರದು.

ಸ್ಟಾರ್ಚ್ ಐಪಿ (ಇಂಡಿಯನ್ ಫಾರ್ಮಾಕೋಪಿಯಾ, ಭಾರತದ ಔಷಧ ಗುಣಮಟ್ಟದ ಗ್ರಂಥ) ದರ್ಜೆಯದ್ದೇ ಇರಲಿ. ಸ್ಟೋರ್ ರೂಮಿನಲ್ಲಿ ಮುಗಿದಿದೆ ಅಂತ ಕಿರಾಣಿ ಅಂಗಡಿಯ ಕಾರ್ನ್‌ಫ್ಲೋರ್ ಪೊಟ್ಟಣ ತರುವವರಿದ್ದಾರೆ. ಅದು ಸೂಪಿಗೆ ಸರಿ. ಮಾತ್ರೆಗೆ ಬೇಕಾದ ತೇವಾಂಶದ ಮಿತಿ, ಸೂಕ್ಷ್ಮಾಣುಗಳ ಪರೀಕ್ಷೆ ಅದಕ್ಕೆ ಆಗಿರುವುದಿಲ್ಲ. ಮುಖಕ್ಕೆ ಹಚ್ಚುವ ಟಾಲ್ಕ್ ಅಂತೂ ಬೇಡವೇ ಬೇಡ.

ಈಗ ಪೇಸ್ಟ್. ರಾಗಿ ಅಂಬಲಿ ಕಾಯಿಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಣ ಹಿಟ್ಟನ್ನು ಕುದಿಯುವ ನೀರಿಗೆ ಸುರಿದರೆ ಏನಾಗುತ್ತದೆ ಗೊತ್ತಲ್ವಾ? ಹೊರಗೆ ಬೆಂದು ಒಳಗೆ ಹಿಟ್ಟು ಹಿಟ್ಟಾಗಿ ಉಳಿದ ಗಂಟು. ಇಲ್ಲೂ ಅಷ್ಟೇ. 2.5 ಗ್ರಾಂ ಸ್ಟಾರ್ಚನ್ನು 5 ಮಿಲಿ ತಣ್ಣೀರಿನಲ್ಲಿ ಚೆನ್ನಾಗಿ ಕದಡಿ. ಉಳಿದ 20 ಮಿಲಿ ನೀರನ್ನು ತೂಕ ನೋಡಿಟ್ಟ ಬೀಕರಿನಲ್ಲಿ ಕುದಿಸಿ. ಕದಡಿದ ಸ್ಟಾರ್ಚ್ ತಳದಲ್ಲಿ ಕೂರುವ ಮೊದಲೇ, ಇನ್ನೊಮ್ಮೆ ಅಲ್ಲಾಡಿಸಿ, ಸಣ್ಣ ಧಾರೆಯಲ್ಲಿ ಕುದಿನೀರಿಗೆ ಬಿಡಿ. ಗಾಜಿನ ಕಡ್ಡಿ ನಿಲ್ಲಬಾರದು.

ಮೆಕ್ಕೆಜೋಳದ ಸ್ಟಾರ್ಚ್ ಬೇಯಲು ಶುರುವಾಗುವುದು 62 ಡಿಗ್ರಿಯ ಆಸುಪಾಸಿನಲ್ಲಿ, 72ರ ಹೊತ್ತಿಗೆ ಕಣಗಳು ಉಬ್ಬಿರುತ್ತವೆ. ಆದರೆ ಥರ್ಮಾಮೀಟರ್ ನೋಡುವುದಕ್ಕಿಂತ ಬಣ್ಣ ನೋಡಿ. ಹಾಲಿನ ಬಿಳುಪು ಹೋಗಿ, ನಸು ನೀಲಿ ಛಾಯೆಯ ಅರೆಪಾರದರ್ಶಕ ಪೇಸ್ಟ್ ಬರಬೇಕು. ಕಡ್ಡಿ ಎತ್ತಿದರೆ ಹನಿ ಹನಿಯಾಗಿ ಉದುರದೆ ದಾರವಾಗಿ ಇಳಿಯಬೇಕು. ಬಿಳುಪು ಉಳಿದಿದ್ದರೆ ಅರ್ಧ ಬೆಂದಿದೆ ಅಂತಲೇ ಅರ್ಥ, ಅದು ಅಂಟುವುದಿಲ್ಲ. ಬೆಂದ ಮೇಲೆ ಬೀಕರನ್ನು ಮತ್ತೆ ತೂಗಿ. ಒಳಗೆ 27.5 ಗ್ರಾಂ ಇರಬೇಕು. ಆವಿಯಾಗಿ ಹೋದಷ್ಟು ಬಿಸಿನೀರು ಸೇರಿಸಿ. ಈ ತೂಕವನ್ನು ಬಹಳಷ್ಟು ಮಂದಿ ನೋಡುವುದೇ ಇಲ್ಲ, ಆಮೇಲೆ ಒಬ್ಬೊಬ್ಬರ ಪೇಸ್ಟ್ ಒಂದೊಂದು ಥರ ಯಾಕೆ ಅಂತ ಕೇಳುತ್ತಾರೆ.

ಪೇಸ್ಟನ್ನು ಬೆಚ್ಚಗಿರುವಾಗಲೇ ಬಳಸಿ. ತಣ್ಣಗಾದರೆ ಗಟ್ಟಿಯಾಗಿ ಪುಡಿಯೊಳಗೆ ಹರಡುವುದಿಲ್ಲ. ನಿನ್ನೆಯದನ್ನು ಫ್ರಿಜ್ಜಿನಲ್ಲಿಟ್ಟು ಇವತ್ತು ಬಿಸಿ ಮಾಡುವ ಉಪಾಯವೂ ಬೇಡ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಪಿವಿಪಿ ಅನ್ನುವ ಕೃತಕ ಅಂಟನ್ನು ಕರಗಿಸಿದರೆ ಈ ರಗಳೆಯೇ ಇಲ್ಲ, ನಿಜ. ಕಲಿಯುವಾಗ ಮಾತ್ರ ಸ್ಟಾರ್ಚಿನಲ್ಲೇ ಕಲಿಯಿರಿ, ಕೈಗೆ ಹದ ಗೊತ್ತಾಗುತ್ತದೆ.

ಪ್ಯಾರಾಸಿಟಮಾಲ್ ಮತ್ತು 4 ಗ್ರಾಂ ಸ್ಟಾರ್ಚನ್ನು ಜರಡಿ ಹಿಡಿದು ಬೆರೆಸಿ. ಪೇಸ್ಟನ್ನು ಒಟ್ಟಿಗೆ ಸುರಿಯಬೇಡಿ, ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಕಲಸಿ. ಹಿಡಿ ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳಿನಿಂದ ಮುರಿದರೆ ಎರಡು ತುಂಡಾಗಬೇಕು. ಪುಡಿ ಪುಡಿಯಾದರೆ ಇನ್ನೂ ಬೇಕು. ಅಂಗೈಗೆ ಮೆತ್ತಿಕೊಂಡರೆ ಜಾಸ್ತಿಯಾಯಿತು. ಹಾಗಾದಾಗ ಸುಮ್ನೆ ಒಣ ಪುಡಿ ಉದುರಿಸಿ ಸರಿಪಡಿಸಲು ಹೋಗಬೇಡಿ, ಔಷಧದ ಪ್ರಮಾಣವೇ ಕೆಡುತ್ತದೆ. ಹದ ಬಂದಾಗ ಬೀಕರಿನಲ್ಲಿ ಪೇಸ್ಟ್ ಉಳಿದಿದ್ದರೆ ಅದನ್ನೂ ತೂಗಿ ಬರೆದಿಡಿ, ಮಾತ್ರೆಯ ತೂಕವನ್ನು ಅದಕ್ಕೆ ತಕ್ಕಂತೆ ಇಳಿಸಬೇಕು.

ಕಲಸಿದ್ದನ್ನು 12ನೇ ನಂಬರಿನ ಜರಡಿಯಲ್ಲಿ (ನಂಬರ್ ಹೆಚ್ಚಿದಷ್ಟೂ ತೂತು ಸಣ್ಣ) ಒತ್ತಿ, ಟ್ರೇನಲ್ಲಿ ತೆಳುವಾಗಿ ಹರಡಿ, 50ರಿಂದ 60 ಡಿಗ್ರಿಯಲ್ಲಿ ಒಣಗಿಸಿ. ತೇವ ಶೇ 2ರ ಹತ್ತಿರ ಉಳಿಯಲಿ. ಬೇಗ ಮುಗಿಯಲಿ ಅಂತ ಓವನ್ ಬಿಸಿ ಏರಿಸಿದರೆ ಗ್ರ್ಯಾನ್ಯೂಲಿನ, ಅಂದರೆ ಜರಡಿಯಿಂದ ಬಿದ್ದ ಕಾಳಿನ, ಹೊರಮೈ ಮಾತ್ರ ಒಣಗಿ ಒಳಗೆ ಹಸಿ ಉಳಿಯುತ್ತದೆ, ಅದು ಪಂಚಿಗೆ ಅಂಟುತ್ತದೆ. ಅತಿಯಾಗಿ ಒಣಗಿದರೆ ಮಾತ್ರೆಯ ಮೇಲ್ಪದರ ಕಳಚುತ್ತದೆ. ಒಣಗಿದ್ದನ್ನು 20ನೇ ಜರಡಿಯಲ್ಲಿ ಹಾಯಿಸಿ.

ಗ್ರ್ಯಾನ್ಯೂಲ್ ತೂಗಿ ಲೆಕ್ಕ ಹಾಕಿ. 56.5 ಗ್ರಾಂ ಬರಬೇಕಿದ್ದಲ್ಲಿ, ಜರಡಿಗೆ, ಟ್ರೇಗೆ ಮೆತ್ತಿ ಹೋಗಿ 54 ಬಂದಿದ್ದರೆ, ಕೊನೆಯ ಸ್ಟಾರ್ಚ್ 3 ಗ್ರಾಂ ಅಲ್ಲ, 2.87. ಟಾಲ್ಕ್ ಮತ್ತು ಸ್ಟಿಯರೇಟ್ ಕೂಡ ಅದೇ ಪ್ರಮಾಣದಲ್ಲಿ. ಮೊದಲು ಸ್ಟಾರ್ಚ್, ಟಾಲ್ಕ್ ಬೆರೆಸಿ. ಸ್ಟಿಯರೇಟ್ ಎಲ್ಲಕ್ಕಿಂತ ಕೊನೆಗೆ, 60ನೇ ಜರಡಿಯಲ್ಲಿ ಹಿಡಿದು, ಎರಡು ಮೂರು ನಿಮಿಷ ಮಾತ್ರ. ಅದು ಜಿಡ್ಡಿನ ಪುಡಿ. ಜಾಸ್ತಿ ಹೊತ್ತು ಬೆರೆಸಿದರೆ ಕಣಗಳ ಮೈಗೆಲ್ಲ ಸವರಿಕೊಂಡು ನೀರು ಒಳಗೆ ಹೋಗದ ಹಾಗೆ ಮಾಡುತ್ತದೆ, ಮಾತ್ರೆಯೂ ಮೆತ್ತಗಾಗುತ್ತದೆ.

ಆಮೇಲೆ 12 ಮಿಲಿಮೀಟರ್ ಪಂಚಿನಲ್ಲಿ ಒತ್ತಿ. ಮಾತ್ರೆಗಳನ್ನು ಉರುಳಿಸಿ ಸವೆತ ನೋಡುವ ಫ್ರೈಬಿಲೇಟರಿನಲ್ಲಿ ನೂರು ಸುತ್ತು ತಿರುಗಿಸಿದಾಗ ಸವೆತ ಶೇ 1 ಮೀರಬಾರದು. 37 ಡಿಗ್ರಿ ನೀರಿನಲ್ಲಿ 15 ನಿಮಿಷದೊಳಗೆ ಒಡೆಯಬೇಕು. ಒಡೆಯದಿದ್ದರೆ ಮೊದಲು ಸ್ಟಿಯರೇಟ್ ಎಷ್ಟು ಹೊತ್ತು ಬೆರೆಸಿದಿರಿ ನೋಡಿ, ಆಮೇಲೆ ಒತ್ತಡ ಇಳಿಸಿ. ಎರಡರಿಂದಲೂ ಆಗದಿದ್ದರೆ ಕೊನೆಯ ಹಸಿ ಸ್ಟಾರ್ಚಿನ ಬದಲು ಅದಕ್ಕಿಂತ ಬೇಗ ನೀರು ಹೀರಿ ಉಬ್ಬುವ ಸೋಡಿಯಂ ಸ್ಟಾರ್ಚ್ ಗ್ಲೈಕೊಲೇಟ್ ಹಾಕಿ. ಮಾತ್ರೆಯ ತೂಕದ ಶೇ 4ರಷ್ಟು ಸಾಕು.