ಅದಿರು ಲಾರಿಗೆ ಧೂಳು ಹತ್ತಿಸಿದ್ದು

ಚಿತ್ರದುರ್ಗದಿಂದ ಭೀಮಸಮುದ್ರದ ಕಡೆ ಹೋಗುವ ರಸ್ತೆಯಲ್ಲಿ ಅದಿರು ಲಾರಿ ನೋಡುತ್ತಲೇ ಬೆಳೆದವನು ನಾನು. 1:24 ಅಳತೆಯ, ಅಂದರೆ ನಿಜವಾದ ಲಾರಿಗಿಂತ 24 ಪಟ್ಟು ಚಿಕ್ಕದಾದ ಲಾರಿ ಮಾಡೆಲ್ ಜೋಡಿಸಿ ಬಣ್ಣ ಹೊಡೆದು ಮುಗಿಸಿದಾಗ ಅದು ಶೋರೂಮಿನಿಂದ ಈಗಷ್ಟೇ ಇಳಿದ ಹಾಗಿತ್ತು. ನಮ್ಮ ಕಡೆ ಲಾರಿ ಹಾಗಿರಲ್ಲ ಅಲ್ವಾ.

ಮೊದಲು ನಿಜವಾದ ಮಣ್ಣನ್ನೇ ತಂದೆ. ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಅಂಟು ಸವರಿ ಉದುರಿಸಿದೆ. ಕೆಟ್ಟುಹೋಯಿತು. ಲೆಕ್ಕ ಹಾಕಿ ನೋಡಿ: ಅರ್ಧ ಮಿಲಿಮೀಟರ್ ಕಾಳು ಈ ಅಳತೆಯಲ್ಲಿ 12 ಮಿಲಿಮೀಟರ್ ಆಗುತ್ತದೆ. ಅದು ಧೂಳಲ್ಲ, ಜಲ್ಲಿ.

ಆಮೇಲೆ ಎರಡು ಭಾನುವಾರ ರಸ್ತೆ ಬದಿಯ ಟೀ ಅಂಗಡಿಯಲ್ಲಿ ಕೂತು ಸುಮ್ನೆ ಲಾರಿಗಳನ್ನು ನೋಡಿದೆ. ನಾನು ಕಲಿತದ್ದೆಲ್ಲ ಅಲ್ಲೇ. ಧೂಳು ಎಲ್ಲಾ ಕಡೆ ಒಂದೇ ಸಮ ಕೂರಲ್ಲ. ಕ್ಯಾಬಿನ್ ಮೇಲೆ, ಬಂಪರ್ ಅಂಚಲ್ಲಿ, ಡೀಸೆಲ್ ಟ್ಯಾಂಕಿನ ಬೆನ್ನ ಮೇಲೆ ತೆಳುವಾಗಿ ಕೂತಿರುತ್ತದೆ. ಚಕ್ರದ ಹಿಂದೆ ಮಾತ್ರ ಹೊಡೆಸಿಕೊಂಡು ದಪ್ಪಗೆ ಹತ್ತಿರುತ್ತದೆ. ಟ್ಯಾಂಕಿನ ಮುಚ್ಚಳದ ಸುತ್ತ ಡೀಸೆಲ್ ಸೋರಿ, ಧೂಳು ಕಪ್ಪಗೆ ಜಿಡ್ಡಾಗಿರುತ್ತದೆ. ಗಾಜಿನಲ್ಲಿ ವೈಪರ್ ತಿರುಗುವಷ್ಟು ಜಾಗ ಚೊಕ್ಕ. ಬಾಗಿಲ ಹಿಡಿಕೆಯ ಹತ್ತಿರ ಯಾಕೆ ಧೂಳಿಲ್ಲ ಅಂತ ಒಬ್ಬ ಡ್ರೈವರ್ ಅಣ್ಣನನ್ನು ಕೇಳಿದೆ. "ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳೀತೀವಿ ಸಾರ್, ಕೈ ಒರೆಸಿದ ಮೇಲೆ ಎಲ್ಲಿ ನಿಲ್ಲುತ್ತೆ?" ಅಂದರು.

ಬಣ್ಣದ ವಿಷಯವೂ ಅಲ್ಲೇ ಗೊತ್ತಾಯಿತು. ಕಬ್ಬಿಣದ ಅದಿರಿನ ಗಟ್ಟಿ ಕಡುಬೂದಿ ಬಣ್ಣ, ಹೆಚ್ಚುಕಡಿಮೆ ಕಪ್ಪು. ಅದನ್ನೇ ಕುಟ್ಟಿದರೆ ಪುಡಿ ಕೆಂಪು. ಹಾಗಾಗಿ ಗಟ್ಟಿ ನೋಡಿಕೊಂಡು ಬಣ್ಣ ಆರಿಸಬಾರದು.

ಪುಡಿಗೆ ನಾನು ಬಳಸಿದ್ದು ಸ್ಟೇಷನರಿ ಅಂಗಡಿಯ ಸಾಫ್ಟ್ ಪೇಸ್ಟಲ್. ಎಣ್ಣೆಯದು ಬೇಡ, ಸೀಮೆಸುಣ್ಣದ ಹಾಗೆ ಒಣಗಿರುವುದೇ ಬೇಕು. ಇಟ್ಟಿಗೆ ಕೆಂಪು, ಕಂದು, ಸ್ವಲ್ಪ ಬಿಳಿ. ಬ್ಲೇಡಿನಿಂದ ಹೆರೆದು, ಹಳೇ ಪಂಚೆಯ ತುಂಡಿನಲ್ಲಿ ವಸ್ತ್ರಗಾಳಿತ ಮಾಡಿದೆ. ಹೆರೆಯುವಾಗ ಮೂಗಿಗೆ ಮಾಸ್ಕ್ ಇರಲಿ.

ಲಾರಿಯ ಅಕ್ರಿಲಿಕ್ ಬಣ್ಣ ಪೂರ್ತಿ ಒಣಗಿದ ಮೇಲೆ ಮ್ಯಾಟ್ ವಾರ್ನಿಷ್ ಹೊಡೆದೆ. ಹೊಳೆಯುವ ಮೈಮೇಲೆ ಪುಡಿ ಜಾರುತ್ತದೆ, ಮ್ಯಾಟ್ ಮೇಲೆ ಹಿಡಿಯುತ್ತದೆ. ಚಾಸಿಗೆ, ಮಡ್‌ಗಾರ್ಡಿನ ಒಳಗೆ ಪುಡಿಯನ್ನು ಟರ್ಪೆಂಟೈನಲ್ಲಿ ಕಲಸಿ, ಮಜ್ಜಿಗೆಯಷ್ಟು ತೆಳು ಮಾಡಿ ಬ್ರಷ್ಷಿನಿಂದ ಬಿಟ್ಟೆ. ಕಿಟಕಿ ತೆಗೆದಿಟ್ಟೇ ಈ ಕೆಲಸ ಮಾಡಿ. ಹಸಿಯಿದ್ದಾಗ ಬಣ್ಣ ಗಾಢವಾಗಿ ಕಾಣುತ್ತದೆ, ಒಣಗಿದರೆ ತಿಳಿಯಾಗುತ್ತದೆ. ಸಾಲದು ಅಂತ ಕೂಡಲೇ ಇನ್ನೊಂದು ಕೈ ಬಿಟ್ಟರೆ ಜಾಸ್ತಿಯಾಗುತ್ತದೆ. ನಾನು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಹತ್ತಿ ಕಡ್ಡಿಯಿಂದ ಉಬ್ಬಿದ ಜಾಗಗಳನ್ನು ಒರೆಸಿದೆ. ಮೂಲೆಯಲ್ಲಿ ಉಳಿದದ್ದೇ ನಿಜವಾದ ಕೊಳೆಯ ಹಾಗೆ ಕಂಡಿತು. ಕ್ಯಾಬಿನ್ ಮೇಲೆ ಒಣ ಪುಡಿಯನ್ನೇ ಮೆತ್ತನೆ ಬ್ರಷ್ಷಿನಿಂದ ತಟ್ಟಿದೆ. ಅದಕ್ಕೆ ಸ್ವಲ್ಪ ಬಿಳಿ ಬೆರೆಸಿದ್ದೆ, ಬಿಸಿಲಲ್ಲಿ ಒಣಧೂಳು ಯಾವಾಗಲೂ ನೆಲದ ಮಣ್ಣಿಗಿಂತ ತಿಳಿಯಾಗಿ ಕಾಣುತ್ತದೆ.

ಪುಡಿಯ ಮೇಲೆ ಮತ್ತೆ ವಾರ್ನಿಷ್ ಹೊಡೆಯಬೇಡಿ. ಹಿಂದಿನ ಒಂದು ಜೀಪಿಗೆ ಹಾಗೆ ಮಾಡಿ, ಎರಡು ದಿನದ ಕೆಲಸ ಕಣ್ಣೆದುರೇ ಮಾಯವಾಯಿತು. ಕೈ ತಾಗುವ ಕಡೆ ಮಾತ್ರ ಬ್ರಷ್ ತುದಿಯಿಂದ ಒಂದು ಹನಿ ಟರ್ಪೆಂಟೈನ್ ಮುಟ್ಟಿಸಿದರೆ ಅದೇ ಹರಡಿಕೊಂಡು, ಒಣಗಿದ ಮೇಲೆ ಪುಡಿ ಸುಮಾರಾಗಿ ಕೂರುತ್ತದೆ. ಆಮೇಲೂ ಮಾಡೆಲನ್ನು ಚಾಸಿ ಹಿಡಿದೇ ಎತ್ತಬೇಕು.

ಮುಗಿದ ಮೇಲೆ ಅದೇ ಟೀ ಅಂಗಡಿಗೆ ಒಯ್ದೆ. ಆ ಡ್ರೈವರ್ ಅಣ್ಣ ಸಿಕ್ಕರು. ತಿರುಗಿಸಿ ತಿರುಗಿಸಿ ನೋಡಿ, "ಟಾರ್ಪಾಲ್ ಮೇಲೆ ಹಗ್ಗದ ಗುರುತು ಎಲ್ಲಿ?" ಅಂದರು. ಹಗ್ಗ ಬಿಚ್ಚಿ ಬೇರೆ ಕಡೆ ಕಟ್ಟಿದಾಗ ಹಳೇ ಜಾಗದಲ್ಲಿ ಧೂಳಿಲ್ಲದ ಗೆರೆ ಉಳಿಯುತ್ತದಂತೆ. ಮನೆಗೆ ಬಂದವನೇ ಟಾರ್ಪಾಲನ್ನು ಒರೆಸಿ, ಅಡ್ಡಡ್ಡ ಹೊಲಿಗೆ ದಾರ ಬಿಗಿದು ಮತ್ತೆ ಪುಡಿ ತಟ್ಟಿದೆ. ದಾರ ಮೆಲ್ಲಗೆ ಎತ್ತಿದರೆ ಕೆಂಪಿನ ನಡುವೆ ತೆಳ್ಳನೆ ನೀಲಿ ಗೆರೆ.